ಲೆಕ್ಕದ ಟೀಚರ್ ಮಾಡಿದ ಡ್ರಾಯರು

ಬೇರೆಯವರ ಮನೆಯಲ್ಲಿ ಏನಾದರೂ ಸಾಮಾನು ಬೇಕೆಂದರೆ ತರುತ್ತಾರೆ, ಇಡುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಒಂದು ಮೊಳೆ ಹೊಡೆಯಲು ಹೊರಟರೂ ಬೀದಿಯವರಿಗೆ ವಾರವಿಡೀ ಮಾತಾಡುವಷ್ಟು ಸರಕು ಸಿಗುತ್ತದೆ.

ನಾನು ಗಂಡಸಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮನೆ ಅರಸೀಕೆರೆಯಲ್ಲಿ. ಮನೆಯಲ್ಲಿರುವುದು ಮೂರೇ ಜನ: ನಾನು, ಗುಮಾಸ್ತರಾಗಿರುವ ನಮ್ಮ ಯಜಮಾನರು, ಅವರ ತಾಯಿ. ಅತ್ತೆಗೆ ಮಲಗುವಾಗ ಕನ್ನಡಕ, ಮಾತ್ರೆ, ಮಂಡಿಗೆ ಹಚ್ಚುವ ಎಣ್ಣೆ, ಜಪಸರ ಎಲ್ಲವನ್ನೂ ಮಂಚದ ಪಕ್ಕ ನೆಲದ ಮೇಲೆ ಸಾಲಾಗಿ ಇಟ್ಟುಕೊಳ್ಳುವ ಅಭ್ಯಾಸ. ಒಂದು ಬೆಳಗ್ಗೆ ಕಾಫಿ ಕೊಡಲು ಹೋದ ನಾನು ಆ ಸಾಲಿನ ಮೊದಲನೆಯದರ ಮೇಲೆ ಕಾಲಿಟ್ಟೆ. ಕನ್ನಡಕ ಎರಡು ತುಂಡಾಯಿತು. ಅತ್ತೆ ಬಯ್ಯಲಿಲ್ಲ. ಕಾಫಿ ಲೋಟ ಕೈಗೆ ತಗೊಂಡು, "ಹೋಗ್ಲಿ ಬಿಡಮ್ಮ, ಸ್ವಲ್ಪ ದಿನ ನಿನ್ನ ಮುಖ ಮಸುಕಾಗಿ ಕಾಣುತ್ತೆ, ಅದೂ ಒಳ್ಳೇದೇ" ಎಂದರು.

ಡ್ರಾಯರ್ ಇರುವ ಒಂದು ಪುಟ್ಟ ಮೇಜು ಮಂಚದ ಪಕ್ಕಕ್ಕೆ ಬೇಕೇ ಬೇಕು ಎಂದು ಅವತ್ತೇ ತೀರ್ಮಾನವಾಯಿತು.

ಬಡಗಿ ಬರುತ್ತಿದ್ದಾರೆ

ಮೊದಲು ಹೇಳಿದ್ದು ಬಡಗಿಗೇ. ಒಳ್ಳೆ ಕೆಲಸಗಾರರು, ಮಾತೂ ಮೃದು. ಆದರೆ ಅವರು ಹೇಳುವ ನಾಳೆಗೆ ಪಂಚಾಂಗದಲ್ಲಿ ಜಾಗವಿರಲಿಲ್ಲ. ಒಂದು ದಿನ ಅವರ ಷಡ್ಡಕನಿಗೆ ಹುಷಾರಿಲ್ಲ, ಇನ್ನೊಂದು ದಿನ ಉಳಿ ಸಾಣೆಗೆ ಹೋಗಿದೆ, ಮತ್ತೊಂದು ದಿನ ಅಮಾವಾಸ್ಯೆ. ಅಮಾವಾಸ್ಯೆ ಆ ತಿಂಗಳು ಎರಡು ಸಲ ಬಂತು.

ಹೀಗೇ ಒಂದು ಭಾನುವಾರ ಯಾವುದೋ ಮದುವೆಗೆಂದು ಬೇಲೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಡಗಿಗೆ ಫೋನ್ ಮಾಡಿದೆ. ಎದುರಿಗೇ ಟೀ ಅಂಗಡಿ ಮುಂದೆ ಬೆನ್ನು ಮಾಡಿ ನಿಂತಿದ್ದ ಒಬ್ಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎತ್ತಿದರು. ನಮ್ಮ ಬಡಗಿಯೇ. ಅರಸೀಕೆರೆಯ ನಮ್ಮ ಬೀದಿ ತಿರುವಿನಲ್ಲೇ ಇದ್ದಾರಂತೆ, ಐದು ನಿಮಿಷದಲ್ಲಿ ಬರುತ್ತಾರಂತೆ, ಕಾಫಿಗೆ ನೀರಿಡಬೇಕಂತೆ. ಒಂದು ಸಲ ಹಿಂದಕ್ಕೆ ತಿರುಗಿ ನೋಡಿ ಎಂದು ನಾನು ಫೋನಿನಲ್ಲೇ ಹೇಳಿದೆ. ತಿರುಗಿದರು. ನನ್ನನ್ನು ನೋಡಿದರು. ಫೋನು ಕಿವಿಯಲ್ಲೇ ಇತ್ತು.

"ಮೇಡಂ, ಆಮೇಲೆ ಮಾಡ್ತೀನಿ. ಇಲ್ಲಿ ನಿಮ್ಮಂಗೇ ಇರೋರು ಒಬ್ರು ನನ್ನೇ ನೋಡ್ತಾವ್ರೆ" ಎಂದು ಫೋನಿನಲ್ಲಿ ಮೆಲ್ಲಗೆ ಹೇಳಿ ಇಟ್ಟರು.

ಹಲಗೆಗೆ ಆಧಾರ್

ಮಾರನೇ ದಿನವೇ ಸ್ಟಾಫ್ ರೂಮಿನಲ್ಲಿ, ಮೇಜನ್ನು ನಾನೇ ಮಾಡುತ್ತೇನೆ ಎಂದು ಹೇಳಿಬಿಟ್ಟೆ. ಹೇಳಬಾರದಿತ್ತು. ನಮ್ಮ ಡ್ರಿಲ್ ಮಾಸ್ತರು, ಮೇಜು ನಾಲ್ಕೂ ಕಾಲಿನ ಮೇಲೆ ನಿಂತರೆ ತಾವು ಒಂದೇ ಕಾಲಿನ ಮೇಲೆ ಶಾಲೆ ಸುತ್ತ ಬರುವುದಾಗಿ ಎಲ್ಲರ ಎದುರಿಗೆ ಸಾರಿದರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಮರದ ಚಿಂತೆ ಇರಲಿಲ್ಲ. ನಮ್ಮ ಯಜಮಾನರ ಸೋದರಮಾವ ಬಿಕ್ಕೋಡಿನ ಹತ್ತಿರ ಒಂದು ಕಾಫಿ ತೋಟದಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರು. ಸಿಲ್ವರ್ ಓಕಿನ ಹಲಗೆಗಳನ್ನು ಕೊಯ್ಸಿ ಇಟ್ಟಿದ್ದರು. ಬೇಲೂರಿನ ತನಕ ಜೀಪಿನಲ್ಲಿ ತಂದು, ಹುರಿ ಕಟ್ಟಿ, ನನ್ನನ್ನೂ ಹಲಗೆಗಳನ್ನೂ ಅರಸೀಕೆರೆ ಬಸ್ಸಿಗೆ ಹತ್ತಿಸಿದರು.

ಕಂಡಕ್ಟರ್ ಬಂದರು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ನಾನು ಠೀವಿಯಿಂದ ಆಧಾರ್ ತೋರಿಸಿದೆ. ಅವರು ನನಗೊಂದು ಸೊನ್ನೆ ಟಿಕೆಟ್ ಹರಿದು ಕೊಟ್ಟು, ಹಲಗೆಗೆ ಲಗೇಜ್ ಟಿಕೆಟ್ ತಗೊಳ್ಳಬೇಕು ಎಂದರು. ನನ್ನ ಜೊತೆಗೇ ತಾನೆ ಬಂದಿರುವುದು ಎಂದೆ.

"ಹಲಗೆಗೂ ಆಧಾರ್ ಐತೇನು, ತೋರ್ಸಿ. ಅದಕ್ಕೂ ಫ್ರೀ ಮಾಡ್ತೀನಿ" ಎಂದರು.

ತೆಪ್ಪಗೆ ಟಿಕೆಟ್ ತಗೊಂಡೆ. ಹಳೇಬೀಡಿನಲ್ಲಿ ಜನ ನುಗ್ಗಿದರು. ಕೂರಲು ಜಾಗವಿಲ್ಲ. ಕಂಡಕ್ಟರ್ ಅತ್ತಿತ್ತ ನೋಡಿ, ನನ್ನ ಹಲಗೆ ಕಟ್ಟನ್ನು ಎಳೆದು, ಹಿಂದಿನ ಸೀಟುಗಳ ಹತ್ತಿರವಿದ್ದ ಎರಡು ತೆಂಗಿನಕಾಯಿ ಮೂಟೆಗಳ ಮೇಲೆ ಅಡ್ಡಡ್ಡಲಾಗಿ ಇಟ್ಟು ಮೂವರು ಅಜ್ಜಿಯರನ್ನು ಕೂರಿಸಿದರು. ನಾನು ದುಡ್ಡು ಕೊಟ್ಟಿರುವ ಲಗೇಜಿನ ಮೇಲೆ ಜನ ಕೂರಿಸಬಹುದೇ ಎಂದು ಕೇಳಿದೆ. ಅವರು ಸೀಟಿ ಊದಿ, ನಿಧಾನವಾಗಿ ಉತ್ತರ ಕೊಟ್ಟರು.

"ಲಗೇಜು ವಯಸ್ಸಾದೋರಿಗೆ ಸೀಟು ಬಿಟ್ಕೊಟ್ಟೈತೆ ಮೇಡಂ. ಅಷ್ಟು ಬುದ್ಧಿ ಮನುಷ್ಯರಿಗೂ ಇಲ್ಲ."

ಹನ್ನೆರಡರಲ್ಲಿ ಹನ್ನೆರಡು

ಕೆಲಸ ಕಲಿತದ್ದು ಮೊಬೈಲಿನಲ್ಲಿ ವಿಡಿಯೊ ನೋಡಿ. ಅದರಲ್ಲಿ ಒಬ್ಬ ನಗುನಗುತ್ತಾ ಐದು ನಿಮಿಷದಲ್ಲಿ ಮೇಜು ಮಾಡಿ ಮುಗಿಸುತ್ತಾನೆ. ನನಗೆ ಮೊದಲನೇ ಕಾಲು ಕೊಯ್ಯುವುದಕ್ಕೇ ಎರಡು ಸಂಜೆ ಹಿಡಿಯಿತು. ಗರಗಸ ಎಳೆಯುವವಳು ನಾನು, ಹಲಗೆ ಹಿಡಿಯುವವರು ಯಜಮಾನರು. ಹಲಗೆ ಹಿಡಿದವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಏಕೆಂದು ಕೇಳಿದರೆ ಧೂಳು ಎನ್ನುತ್ತಿದ್ದರು. ಅವರ ತುಟಿ ಅಲ್ಲಾಡುತ್ತಿದ್ದುದನ್ನು ನೋಡಿದರೆ ಅದು ಧೂಳಿಗಲ್ಲ, ದೇವರಿಗೆ ಎಂದು ಗೊತ್ತಾಗುತ್ತಿತ್ತು.

ಅಂತೂ ಮೇಜು ಎದ್ದು ನಿಂತಿತು. ನಾಲ್ಕೂ ಕಾಲಿನ ಮೇಲೆ. ಫೋಟೋ ತೆಗೆದು ಡ್ರಿಲ್ ಮಾಸ್ತರಿಗೆ ಕಳಿಸಿದೆ. ಮರುದಿನ ಅವರು ರಜೆ.

ಉಳಿದದ್ದು ಡ್ರಾಯರು. ಮೇಜಿನ ಖಾನೆಯ ಅಗಲ ಹನ್ನೆರಡು ಇಂಚು. ನಾನು ಕೂದಲೆಳೆಯಷ್ಟೂ ತಪ್ಪದ ಹಾಗೆ ಅಳೆದು, ಹನ್ನೆರಡೇ ಇಂಚಿನ ಡ್ರಾಯರು ಮಾಡಿದೆ. ಹೊಸಿಲ ಮೇಲೆ ಕೂತಿದ್ದ ಅತ್ತೆಯ ಎದುರು ಅದನ್ನು ಖಾನೆಗೆ ಇಟ್ಟು ತಳ್ಳಿದೆ. ಹೋಗಲಿಲ್ಲ. ಮಂಡಿ ಕೊಟ್ಟು ತಳ್ಳಿದೆ. ಮೇಜೇ ಗೋಡೆಯ ತನಕ ಹೋಯಿತು, ಡ್ರಾಯರು ಹೋಗಲಿಲ್ಲ. ಒಳಗೆ ಆಡುವುದಕ್ಕೆ ಒಂದಿಷ್ಟು ಸಂದು ಬಿಡಬೇಕು ಎಂದು ಆ ವಿಡಿಯೊದವನು ಹೇಳಿದ್ದು ಆಗ ನೆನಪಾಯಿತು.

ಯಜಮಾನರು ಪೇಪರಿನಿಂದ ತಲೆ ಎತ್ತದೆ, ಬಹಳ ಗೌರವದಿಂದ ಕೇಳಿದರು: "ಹನ್ನೆರಡರಲ್ಲಿ ಹನ್ನೆರಡು ಒಂದು ಸಲ ಹೋಗುತ್ತೆ ಅಂತ ತಾನೆ ನೀನು ಮಕ್ಕಳಿಗೆ ಹೇಳ್ಕೊಡೋದು?"

ಗೈಡ್ ಸಾಹೇಬರ ತೀರ್ಪು

ಡ್ರಾಯರನ್ನು ಮರಳು ಕಾಗದದಲ್ಲಿ ಉಜ್ಜುತ್ತಾ ಒಂದು ವಾರ ಕಳೆಯಿತು. ಆಗ ನೋಡಲು ಬಂದವರು ಪಕ್ಕದ ಮನೆಯವರು. ಹಳೇಬೀಡಿನ ದೇವಸ್ಥಾನದಲ್ಲಿ ಬಹಳ ವರ್ಷ ಗೈಡ್ ಆಗಿದ್ದು ಈಗ ಮನೆಯಲ್ಲಿರುವವರು. ಅವರಿಗೆ ಯಾವ ವಸ್ತುವನ್ನೂ ಸುಮ್ಮನೆ ನೋಡಲು ಬರುವುದಿಲ್ಲ. ಕೈ ಹಿಂದೆ ಕಟ್ಟಿ ಮೇಜಿನ ಸುತ್ತ ಎಡದಿಂದ ಬಲಕ್ಕೆ ಪ್ರದಕ್ಷಿಣೆ ಬಂದರು. ಒಂದು ಕಾಲಿನ ಮೇಲೆ ಸುತ್ತಿಗೆ ತಪ್ಪಿ ಬಿದ್ದ ಏಟುಗಳನ್ನು ತೋರಿಸಿ, ಈ ಅಲಂಕಾರ ಉಳಿದ ಮೂರು ಕಾಲಿಗೆ ಯಾಕಿಲ್ಲ ಎಂದು ವಿಚಾರಿಸಿದರು.

ನಾನು ನಾಚಿಕೊಂಡು, ಕೆಲಸ ಇನ್ನೂ ಪೂರ್ತಿಯಾಗಿಲ್ಲ ಸರ್ ಎಂದೆ.

"ಅದಕ್ಕೆ ಯಾಕಮ್ಮ ಬೇಜಾರು ಮಾಡ್ಕೋತೀರಿ" ಎಂದರು. "ಹಳೇಬೀಡಿನ ದೇವಸ್ಥಾನಾನೂ ಪೂರ್ತಿಯಾಗಿಲ್ಲ. ಜನ ಬರೋದು ಬಿಟ್ಟಿದಾರಾ?"

ಮಾರನೇ ದಿನ ಅವರ ಮನೆಗೆ ಬಂದಿದ್ದ ನೆಂಟರು ಆರು ಜನ ನಮ್ಮ ಮೇಜು ನೋಡಲು ಬಂದರು. ಹೊಸಿಲಾಚೆಯೇ ಚಪ್ಪಲಿ ಬಿಟ್ಟರು.

ಅತ್ತೆ ಹೇಳಿದ್ದೇನು

ಕೊನೆಗೆ ಡ್ರಾಯರು ಒಳಗೆ ಹೋಯಿತು. ಬೇಸಿಗೆಯಿಡೀ ಚೆನ್ನಾಗಿಯೇ ಇತ್ತು. ಆಮೇಲೆ ಎಂಟು ದಿನ ಬಿಡದೆ ಜಡಿಮಳೆ ಹಿಡಿಯಿತು. ಹಸಿ ಮರ, ಥಂಡಿ ಕುಡಿದು ಊದಿಕೊಂಡಿತು. ಒಂಬತ್ತನೇ ದಿನ ಬೆಳಗ್ಗೆ ನಾವು ಮೂವರೂ ಬೇಲೂರಿಗೆ ಹೊರಡಬೇಕಿತ್ತು. ಅತ್ತೆಯ ತಂಗಿಯ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಅತ್ತೆ ರೇಷ್ಮೆ ಸೀರೆ ಉಟ್ಟು ಸಿದ್ಧವಾಗಿದ್ದರು, ಬಾಯಿ ಮಾತ್ರ ಬೊಚ್ಚು. ಹಲ್ಲಿನ ಸೆಟ್ ಹಾಕಿರಲಿಲ್ಲ. ಡ್ರಾಯರಿನ ಕಡೆ ಬೆರಳು ಮಾಡಿ ಏನೋ ಹೇಳಿದರು. ಹಲ್ಲಿಲ್ಲದ ಬಾಯಿಂದ ಮಾತೆಲ್ಲ ಗಾಳಿಯಾಗಿ ಹೋಗುತ್ತಿತ್ತು. ಸೆಟ್ ಒಳಗೆ ಸಿಕ್ಕಿಕೊಂಡಿದೆ ಎಂದು ನಮಗೆ ಅರ್ಥವಾಯಿತು.

ಯಜಮಾನರು ಎಳೆದರು. ಹಿಡಿ ಕೈಗೆ ಬಂತು, ಡ್ರಾಯರು ಬರಲಿಲ್ಲ. ಮೇಜು ಎತ್ತಿ ಅಲ್ಲಾಡಿಸಿದೆವು. ಒಳಗೆ ಏನೋ ಕಟಕಟ ಎಂದಿತು. ಹಲ್ಲೇ ಎಂದು ಖಾತ್ರಿಯಾಯಿತು. ಅತ್ತೆ ಕೈಯಾಡಿಸುತ್ತಾ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದರು. ತೆಗೀತೀವಿ ಇರಮ್ಮ, ಗಾಬರಿಯಾಗಬೇಡ ಎಂದು ಯಜಮಾನರು ಸಮಾಧಾನ ಮಾಡಿದರು. ಅತ್ತೆ ಹಣೆ ಹಣೆ ಚಚ್ಚಿಕೊಂಡರು.

ಬೇರೆ ದಾರಿ ಕಾಣದೆ ಮೇಜಿನ ಹಿಂದಿನ ತೆಳು ಹಲಗೆ ಕಿತ್ತೆ. ಡ್ರಾಯರಿನ ಬೆನ್ನಿಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟೆ. ಡ್ರಾಯರು ಅಲ್ಲೇ ಉಳಿಯಿತು, ಅದರ ಬೆನ್ನು ಮಾತ್ರ ಕಳಚಿ ಬಿತ್ತು. ಕೈ ಹಾಕಿದೆ. ಸಿಕ್ಕಿದ್ದು ಅತ್ತೆಯ ಹೊಸ ಕನ್ನಡಕ, ಡಬ್ಬಿಯ ಸಮೇತ. ಹಲ್ಲಿಲ್ಲ. ಸುಸ್ತಾದ ಯಜಮಾನರು ನೀರು ಕುಡಿಯಲು ಅಡುಗೆಮನೆಗೆ ಹೋದರು. ಅತ್ತೆ ನನ್ನ ಕೈಯಿಂದ ಕನ್ನಡಕ ಕಿತ್ತುಕೊಂಡು, ಹಾಕಿಕೊಂಡು, ಅವರ ಹಿಂದೆಯೇ ಓಡಿದರು. ನಾನೂ ಓಡಿದೆ.

ಅಲ್ಲಿ ಕಟ್ಟೆಯ ಮೇಲೆ ಒಂದೇ ಥರದ ಏಳೆಂಟು ಸ್ಟೀಲ್ ಲೋಟ ಸಾಲಾಗಿದ್ದವು. ಯಜಮಾನರು ಒಂದನ್ನು ಎತ್ತಿ ಬಾಯಿಯ ತನಕ ತಂದು, ಬಗ್ಗಿ ನೋಡಿ, ಕಂಬದ ಹಾಗೆ ನಿಂತಿದ್ದರು. ಲೋಟದೊಳಗಿಂದ ಅವರನ್ನು ನೋಡಿ ಯಾರೋ ನಗುತ್ತಿದ್ದರು. ಅತ್ತೆ ಆ ಲೋಟ ಕಸಿದುಕೊಂಡು, ಗೋಡೆಯ ಕಡೆ ತಿರುಗಿ ಸೆಟ್ ಹಾಕಿಕೊಂಡು, ಈ ಕಡೆ ತಿರುಗಿದರು.

"ಹಲ್ಲು ಯಾವ ಲೋಟದಲ್ಲಿದೆ ನೋಡ್ಬೇಕು, ಕನ್ನಡಕ ತೆಕ್ಕೊಡ್ರೋ ಅಂತ ಆಗಿಂದ ಬಡ್ಕೋತಿದೀನಿ" ಎಂದರು.

ನಾಮಕರಣಕ್ಕೆ ತಡವಾಗಿಯೇ ಮುಟ್ಟಿದೆವು. ಏಕೆ ತಡ ಎಂದು ಅತ್ತೆಯ ತಂಗಿ ಕೇಳಿದಾಗ, ಅತ್ತೆ ತುಂಬಿದ ಪಂಕ್ತಿಯಲ್ಲಿ ಇಡೀ ಕಥೆ ಹೇಳಿದರು. ಸೊಸೆ ಮಾಡಿದ ಡ್ರಾಯರು ಮುಂದಿನಿಂದ ಯಾರು ಎಳೆದರೂ ಬರುವುದಿಲ್ಲ, ಗೋಡೆಯ ಕಡೆಯಿಂದ ಕೈ ಹಾಕಬೇಕು ಎಂದರು. ಎಲೆಯ ಮೇಲೆ ಅನ್ನ ಉಳಿಸಿ ಜನ ನಕ್ಕರು. ನಾನು ತಲೆ ತಗ್ಗಿಸಿ ಪಾಯಸ ಕುಡಿದೆ.

ತಂಗಿಯವರು ಮಾತ್ರ ನಗಲಿಲ್ಲ. ಕೈ ತೊಳೆಯುವ ಕಡೆ ನನ್ನನ್ನು ಪಕ್ಕಕ್ಕೆ ಕರೆದರು. ಆಚೀಚೆ ನೋಡಿ, ದನಿ ತಗ್ಗಿಸಿದರು.

"ನಂಗೂ ಅಂಥದ್ದೇ ಒಂದು ಮಾಡ್ಕೊಡಮ್ಮ. ಸರಿ ಮಾಡೋಕೆ ಮಾತ್ರ ಹೋಗ್ಬೇಡ. ಈ ಮನೇಲಿ ಡ್ರಾಯರು ಎಳೆದು ನೋಡೋ ಸೊಸೆಯಂದಿರು ಇಬ್ಬರಿದಾರೆ."