ತಂಬಿಗೆ ಏಟಿಗೆ ಜಾಮೀನು

ಪರಪ್ಪ: ನನ್ನ ತಲಿ ಒಡದವಗ ನಾನ ಜಾಮೀನ ನಿಲ್ಲಬೇಕ? ನಿನಗೇನರ ಬುದ್ಧಿ ಐತೇನ?

ಸಿಂದಗಿ ಕೋರ್ಟಿನ ಬೇವಿನ ಮರದ ಕೆಳಗೆ ಪರಪ್ಪ ಗುಡುಗಿದ ರಭಸಕ್ಕೆ ತಲೆಯ ಬ್ಯಾಂಡೇಜು ಕಿವಿ ಮೇಲೆ ಜಾರಿತು. ಊಟಕ್ಕೆ ಕುಂತಾಗ, ಹೆಂಡತಿ ಲಕ್ಕವ್ವನ ತವರಿನಿಂದ ಬಂದ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಉಪ್ಪಿಲ್ಲ ಅಂದದ್ದೇ ತಡ, ಅವಳ ತಮ್ಮ ಭೀಮಶ್ಯಾ ತಂಬಿಗೆ ಬೀಸಿ ಒಗೆದಿದ್ದ. ಪರಪ್ಪನೂ ಬಿಡಲಿಲ್ಲ; ಎಂಜಲಗೈಯಲ್ಲೇ ಸ್ಟೇಷನ್ನಿಗೆ ಹೋಗಿ ಕೇಸು ಜಡಿದಿದ್ದ. ಈಗ ಭೀಮಶ್ಯಾನಿಗೆ ಜಾಮೀನು ಮಂಜೂರಾಗಿದೆ. ಹೊಣೆ ನಿಲ್ಲುವವರು ಮಾತ್ರ ಇಲ್ಲ.

ಲಕ್ಕವ್ವ: ಊರಾಗ ಎಲ್ಲಾರ ಹೊಲದ ಉತಾರಿ ಮ್ಯಾಲೂ ಬ್ಯಾಂಕಿನ ಸಾಲದ ಬೋಜಾ ಐತ್ರಿ. ಜಾಮೀನಿಗಿ ಸಾಲ ಇಲ್ಲದ ಹೊಲಾನ ಬೇಕಂತ, ನಿಮ್ಮದೊಂದ ಹಸನ ಇರೂದು.

ಪರಪ್ಪ: ಅದು ನನ್ನ ಮರ್ಯಾದಿ!

ಲಕ್ಕವ್ವ: ಮ್ಯಾನೇಜರನ ಕೂಡ ಜಗಳಾಡಿ ಬಂದ್ರಿ, ಅದಕ್ಕ ಸಾಲ ಕೊಟ್ಟಿಲ್ಲ.

ಪರಪ್ಪ: ಬಿಡಸಾಕಂತ ಯಾರರ ಹಿಡಸ್ತಾರೇನ?

ಲಕ್ಕವ್ವ: ಅದನ್ನ ಹಿಡಸೂ ಮುಂದ ಇಚಾರ ಮಾಡಬೇಕಿತ್ತು. ತಮ್ಮ ಹೊರಗ ಬರೂತನಾ ನಿಮಗ ಒಂದ ರೊಟ್ಟಿನೂ ಬಡಿಯಂಗಿಲ್ಲ.

ಕೇಸು ಹಾಕಿದ ದಿನದಿಂದ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯ ಮೇಲೇ ಬದುಕಿದ್ದ ಪರಪ್ಪನ ಹೊಟ್ಟೆ ಅವನಿಗಿಂತ ಮೊದಲೇ ಒಪ್ಪಿಬಿಟ್ಟಿತು. ಅವನು ಪಕ್ಕದಲ್ಲಿದ್ದ ಭೀಮಶ್ಯಾನ ವಕೀಲ ಆನಂದತೀರ್ಥರ ಕಡೆ ತಿರುಗಿದ.

ಪರಪ್ಪ: ಸಹಿ ಮಾಡಿದ್ರ ಏನಾಕ್ಕೈತ್ರಿ?

ವಕೀಲ: ಪ್ರತಿ ತಾರೀಖಿಗೆ ಅವನ್ನ ಕೋರ್ಟಿಗೆ ತರೂದು ನಿಮ್ಮ ಹೊಣಿ. ಅಂವ ಓಡಿಹೋದ್ರ ಬಾಂಡಿನ ರೊಕ್ಕ ನೀವು ತುಂಬಬೇಕ್ರಿ.

ಪರಪ್ಪ: ಹೊಡತ ನನಗ, ದಂಡಾನೂ ನನಗ?

ವಕೀಲ: ಅವಗೂ ಒಂದು ಷರತ್ತ ಹಾಕ್ಯಾರ್ರಿ. ಫಿರ್ಯಾದಿ ಇದ್ದಲ್ಲಿ ಅಂವ ಸುಳಿಯಂಗಿಲ್ಲ.

ಪರಪ್ಪ: ಫಿರ್ಯಾದಿ ಅಂದ್ರ ನಾನ ಅಲ್ರಿ? ಅಂದ್ರ ನಾ ಇರೂ ಮನಿ ಹೊಸ್ತಲಾ ತುಳಿಯಂಗಿಲ್ಲ?

ವಕೀಲ: ತುಳಿಯಂಗಿಲ್ರಿ.

ಪರಪ್ಪ: ಎಲ್ಲಿ ಸಹಿ? ತರ್ರಿ ಪೆನ್ನು!

ಒಳಗೆ ನ್ಯಾಯಾಧೀಶರು ಹೊಲದ ಪಹಣಿ ಉತಾರಿಯನ್ನೊಮ್ಮೆ, ಬ್ಯಾಂಡೇಜನ್ನೊಮ್ಮೆ ನೋಡಿದರು.

ನ್ಯಾಯಾಧೀಶರು: ಏಟು ತಿಂದವರೂ ನೀವೇ, ಜಾಮೀನುದಾರರೂ ನೀವೇನಾ? ಹತ್ತಿರ ಬರಬಾರದವನನ್ನು ಹೇಗೆ ಕರೆತರ್ತೀರಿ?

ಪರಪ್ಪ: ಮುಂದ ಅಂವ, ಹಿಂದ ನಾ ಬರ್ತೇನ್ರಿ ಸಾಹೇಬ್ರ. ನನ್ನ ಕಣ್ಣಿಗಿ ಕಾಣೂವಷ್ಟು ಹತ್ರ, ಅವನ ತಂಬಿಗಿ ಮುಟ್ಟದಷ್ಟು ದೂರ!

ನ್ಯಾಯಾಧೀಶರು ನಗು ನುಂಗಿಕೊಂಡು ಜಾಮೀನು ಒಪ್ಪಿದರು. ಸಂಜೆ ಭೀಮಶ್ಯಾ ಜೈಲಿನಿಂದ ಹೊರಬಂದವನೇ ಭಾವನನ್ನು ಕಂಡು ಷರತ್ತು ನೆನಪಾಗಿ ರಸ್ತೆಯ ಆಚೆ ಬದಿಗೇ ನಿಂತ.

ಲಕ್ಕವ್ವ: ಬಾರೋ ತಮ್ಮಾ, ಆಲಮೇಲದ ಬಸ್ ಬಿಡಾಕತ್ತೈತಿ. ಮನ್ಯಾಗ ಬಿಸಿ ರೊಟ್ಟಿ, ಬದನೀಕಾಯಿ ಪಲ್ಯಾ ಮಾಡ್ತೇನಿ.

ಪರಪ್ಪ: ಏ, ಯಾವ ಮನಿ? ನಾ ಇದ್ದಲ್ಲಿ ಅಂವ ಬರಂಗಿಲ್ಲ. ಷರತ್ತ ಐತಿ!

ಲಕ್ಕವ್ವ: ಗೊತ್ತೈತ್ರಿ. ಅದಕ್ಕ ನೀವು ಹೊಲದಾಗ ಮಲಕೋರಿ.

ಪರಪ್ಪ: ವಕೀಲ್ರ! ನನ್ನ ಮನೀಗಿ ನಾ ಹೋಗಾಕ ಯಾರ ಕಡೆ ಜಾಮೀನ ತರ್ಲಿ?

ರಸ್ತೆಯಾಚೆಯಿಂದ ಭೀಮಶ್ಯಾ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ.

ಭೀಮಶ್ಯಾ: ಮಾಂವಾ, ಚಿಂತಿ ಮಾಡಬ್ಯಾಡ್ರಿ! ನಿಮಗ ನಾ ನಿಲ್ತೇನಿ. ಖರೆ ಒಂದ ಷರತ್ತ ಐತಿ, ಹಿಂಡಿಗಿ ಉಪ್ಪ ಐತಿ ಅಂತ ಮೊದಲ ಬರಕೊಡ್ರಿ!