ಮಿಸ್ ಕಾಲಿಗೆ ಏಳುವ ಮೋಟರು

ಹಾವು, ಚೇಳು, ಮೇಲಧಿಕಾರಿ ಇವುಗಳಿಗೆ ಹೆದರುವವರನ್ನು ನೀವು ಕಂಡಿರುತ್ತೀರಿ. ನಾನೂ ಇವುಗಳಿಗೆಲ್ಲ ಯಥಾಶಕ್ತಿ ಹೆದರಿದವನೇ. ಆದರೆ ಸ್ವಂತ ಹೆಬ್ಬೆರಳಿಗೆ ಹೆದರುವ ಮನುಷ್ಯ ಇಂಡಿ ತಾಲ್ಲೂಕಿನಲ್ಲಿ ನನ್ನ ಹೊರತು ಇನ್ನೊಬ್ಬ ಇರಲಿಕ್ಕಿಲ್ಲ. ಈಗ ಕೆಲವು ತಿಂಗಳಿಂದ ನಾನು ಫೋನನ್ನು ಮೊದಲಿನ ಹಾಗೆ ಹಿಡಿಯುವುದಿಲ್ಲ. ಎರಡು ಬೆರಳಿನಿಂದ, ಸತ್ತ ಜಿರಳೆಯನ್ನು ಎತ್ತುವ ಹಾಗೆ ಎತ್ತುತ್ತೇನೆ. ಕೂರುವ ಮುನ್ನ ಹಿಂದಿನ ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಶಾಲೆಯಲ್ಲಿ ನನ್ನ ಸಹೋದ್ಯೋಗಿಗಳು ಇದನ್ನು ಮೂಲವ್ಯಾಧಿ ಎಂದು ತಿಳಿದು ಸೊಪ್ಪು ತಿನ್ನಲು ಹೇಳುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ, ಏಕೆಂದರೆ ನಿಜ ಹೇಳುವುದಕ್ಕಿಂತ ಮೂಲವ್ಯಾಧಿಯೇ ಮರ್ಯಾದೆಯದು.

ನಿಜ ಇಷ್ಟು. ನಾನು ಇಂಡಿಯಲ್ಲಿ ಪ್ರೌಢಶಾಲೆಯ ಮಾಸ್ತರ. ಅಗರಖೇಡದಲ್ಲಿ ನಮ್ಮದೊಂದು ನಿಂಬೆಯ ತೋಟ, ತೋಟಕ್ಕೊಂದು ಬಾವಿ, ಎರಡನ್ನೂ ನೋಡಿಕೊಳ್ಳಲು ನನ್ನ ಅಣ್ಣ ಶಿವಪುತ್ರಪ್ಪ. ನಮ್ಮ ಕಡೆ ಕರೆಂಟು ಬೀಗರ ಹಾಗೆ. ಬರುವ ಹೊತ್ತು ಹೇಳುವುದಿಲ್ಲ, ಹೋಗುವಾಗಲೂ ಕೇಳುವುದಿಲ್ಲ. ಅದು ಬಂದಾಗಲೆಲ್ಲ ಅಣ್ಣ ಕೈಯಲ್ಲಿದ್ದ ಕೆಲಸ ಬಿಟ್ಟು ಬಾವಿಗೆ ಓಡಬೇಕು. ಅವನ ಕಷ್ಟ ನೋಡಲಾರದೆ ನಾನು ಪೇಟೆಯ ಅಂಗಡಿಯೊಂದರಿಂದ ಮೊಬೈಲ್ ಸ್ಟಾರ್ಟರ್ ತಂದೆ. ಪೆಟ್ಟಿಗೆಯೊಳಗೆ ಒಂದು ಸಿಮ್ಮು. ಅದರ ನಂಬರಿಗೆ ಒಂದು ಮಿಸ್ ಕಾಲ್ ಕೊಟ್ಟರೆ ಮೋಟರು ಏಳುತ್ತದೆ, ಇನ್ನೊಂದು ಕೊಟ್ಟರೆ ಮಲಗುತ್ತದೆ. "ಯಾರ ನಂಬರ್ ಹಾಕೂಣ್ರಿ ಸರ್? ಆ ನಂಬರಿಂದಷ್ಟೇ ಚಾಲೂ ಆಗ್ತೈತಿ ನೋಡ್ರಿ" ಎಂದು ಅಂಗಡಿಯವನು ಕೇಳಿದಾಗ ನನ್ನದನ್ನೇ ಹೇಳಿಬಿಟ್ಟೆ. ಇಂಡಿಯಲ್ಲಿ ಕುಳಿತು ಅಗರಖೇಡದ ನೀರು ಎತ್ತುವ ಆಸೆ. ಕರೆಂಟು ಬಂದದ್ದು ಕಂಡರೆ ಅಣ್ಣ ನನಗೆ ಫೋನು ಮಾಡುತ್ತಾನೆ, ನಾನು ಮೋಟರಿಗೆ ಮಾಡುತ್ತೇನೆ. ಬಾವಿಯಿಂದ ಹತ್ತು ಮಾರು ದೂರ ನಿಂತವನು ತನ್ನ ಮೋಟರಿಗೆ ಇಂಡಿಯಿಂದ ಅಪ್ಪಣೆ ತರಿಸಿಕೊಳ್ಳುವ ಈ ಏರ್ಪಾಡಿಗೆ ನಾನು ಸುಧಾರಣೆ ಎಂದು ಹೆಸರಿಟ್ಟೆ.

ಅಂಜುಬುರುಕರ ಇನ್ನೊಂದು ಗುಣವೆಂದರೆ ಒಂದು ಹೆದರಿಕೆಗೆ ಇನ್ನೊಂದನ್ನು ಕಾವಲಿಗೆ ಇಡುವುದು. ಹೊಸ ಪೆಟ್ಟಿಗೆಯನ್ನು ಯಾರಾದರೂ ಕದ್ದಾರು ಎಂದು ಅದಕ್ಕೆ ತಗಡಿನ ಕಪಾಟು ಮಾಡಿಸಿದೆ. ಮೇನ್ ಸ್ವಿಚ್ಚೂ ಅದರೊಳಗೇ ಸೇರಿತು. ಕಪಾಟಿಗೆ ಬೀಗ ಹಾಕಿದೆ. ಅಣ್ಣ ಕೀಲಿಕೈ ಕಳೆದಾನು ಎಂದು ಅದನ್ನೂ ನನ್ನ ಬೈಕಿನ ಕೀಲಿಯ ಜೊತೆಗೇ ಕಟ್ಟಿಕೊಂಡೆ. ಅಣ್ಣ ಆ ದಿನ ಕಪಾಟನ್ನು ನೋಡಿದ, ನನ್ನನ್ನು ನೋಡಿದ, ಎಲೆ-ಅಡಿಕೆ ಹಾಕಿಕೊಂಡ.

ಮೋಟರಿನ ವಿಷಯ ಅತ್ತ ಇರಲಿ, ನಮ್ಮ ಮನೆಯ ಮಿಸ್ ಕಾಲಿನ ಶಾಸ್ತ್ರ ಸ್ವಲ್ಪ ಹೇಳಬೇಕು. ಈಗ ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು, ನಿಜ. ಆದರೆ ಚಟ ಚಟ್ಟದ ತನಕ. ರವಿವಾರ ಬಂತೆಂದರೆ ನನ್ನ ಹೆಂಡತಿ ಸುಮಿತ್ರಾ ಹಂಚು ಒಲೆಗೆ ಇಡುವ ಮುನ್ನ ಅಣ್ಣನಿಗೆ ಮಿಸ್ ಕಾಲ್ ಕೊಡುತ್ತಾಳೆ. ಅವನು ಕಟ್ ಮಾಡಿದರೆ ಊಟಕ್ಕೆ ಬರುತ್ತಾನೆಂದು ಅರ್ಥ. ರಿಂಗಾಗಿ ರಿಂಗಾಗಿ ನಿಂತರೆ ಬರುವುದಿಲ್ಲ. ಅದನ್ನು ನೋಡಿಕೊಂಡು ಹಿಟ್ಟು ನಾದುವುದು. ಮಾತಾಡಿಯೇ ಕೇಳಬಾರದೇ ಎಂದು ನಾನೊಮ್ಮೆ ಅಂದದ್ದಕ್ಕೆ, "ಭಾವಾರ ಜೋಡಿ ಏನಂತ ಮಾತಾಡ್ಲಿ? ಕಟ್ ಮಾಡಿದ್ರ ತಿಳೀತೈತಲ್ಲ" ಎಂದಳು.

ಅಂಥದೊಂದು ರವಿವಾರ ಬೆಳಿಗ್ಗೆ ಅಣ್ಣನ ಫೋನು ಬಂತು. "ತಮ್ಮಾ, ನೀರು ಏಳವಲ್ದು. ಫುಟ್‌ವಾಲ್ವಿಗೆ ಕಸ ಹಿಡದೈತಿ. ಬಾವ್ಯಾಗ ಇಳದು ತಗೀತೇನಿ. ನೀ ಮೋಟರ್ ತಂಟೆಕ್ಕ ಹೋಗಬ್ಯಾಡ." ಓಡುತ್ತಿದ್ದ ಮೋಟರನ್ನು ಮಿಸ್ ಕಾಲ್ ಕೊಟ್ಟು ಮಲಗಿಸಿದೆ. ನಮ್ಮ ಮೋಟರು ಬಾವಿಯೊಳಗಿನ ಕಟ್ಟೆಯ ಮೇಲಿದೆ. ಅದರಿಂದ ನೀರಿಗಿಳಿದ ಪೈಪಿನ ತುದಿಯ ಬಾಯಿಯೇ ಫುಟ್‌ವಾಲ್ವು. ಎದೆಯುದ್ದ ನೀರಲ್ಲಿ ನಿಂತು ಅದರೊಳಗೆ ಕೈ ಹಾಕಿದಾಗ ಮೋಟರು ಎದ್ದರೆ, ಒದ್ದೆ ಮೈಗೆ ಕರೆಂಟು ಹೊಡೆದರೆ! ಫೋನು ಜೇಬಿನಲ್ಲಿದ್ದರೆ ತೊಡೆ ಒತ್ತೀತು, ಹಾಸಿಗೆಯ ಮೇಲಿದ್ದರೆ ದಿಂಬು ಒತ್ತೀತು. ಕೊನೆಗೆ ಅದನ್ನು ದೇವರ ಕೋಣೆಯ ಜಗಲಿಯ ಮೇಲೆ ದೇವರ ಮುಂದಿಟ್ಟು, ಕೈಮುಗಿದು, ಇನ್ನು ದೇವರೇ ಕಾಯುತ್ತಾನೆಂದು ಸ್ನಾನಕ್ಕೆ ಹೋದೆ.

ಮೈ ಒರೆಸಿಕೊಂಡು ಬಂದರೆ ಸುಮಿತ್ರಾ ಅಡುಗೆಮನೆಯಲ್ಲಿ ಸಂಭ್ರಮದಿಂದ ಹಿಟ್ಟು ನಾದುತ್ತಿದ್ದಳು. "ಭಾವಾರು ಊಟಕ್ಕ ಬರ್ತಾರ್ರಿ" ಎಂದಳು.

"ಯಾರ ಹೇಳಿದ್ರು?"

"ನನ್ನ ಫೋನಿನಾಗ ಚಾರ್ಜ್ ಇರಲಿಲ್ಲ. ನಿಮ್ದು ಜಗಲಿ ಮ್ಯಾಲಿತ್ತು, ಅದರಿಂದ ಮಿಸ್ ಕಾಲ್ ಕೊಟ್ಟೆ. 'ಅಣ್ಣ' ಅಂತ ಒಂದೈತಿ, 'ಅಣ್ಣನ ಹೊಲ' ಅಂತ ಒಂದೈತಿ. ಈ ಹೊತ್ತಿನ್ಯಾಗ ಹೊಲದಾಗ ಇರ್ತಾರಂತ ಹೊಲದ್ದಕ್ಕ ಹಚ್ಚಿದೆ. ಒಂದ ರಿಂಗಿಗೆ ಕಟ್ ಮಾಡಿದ್ರು. ಹಸದಿರ್ಬೇಕ ಪಾಪ."

'ಅಣ್ಣನ ಹೊಲ' ಎಂದರೆ ಸ್ಟಾರ್ಟರಿನ ನಂಬರು. ಒಂದೇ ರಿಂಗಿಗೆ ಕಟ್ ಮಾಡುವುದು ಆ ಪೆಟ್ಟಿಗೆಯ ಧರ್ಮ. ಮೋಟರು ಎದ್ದರೂ ಮಲಗಿದರೂ ಅದೇ ಗುರುತು; ಮಲಗಿದ್ದದ್ದು ಈಗ ಎದ್ದಿರಬೇಕು. ಟವೆಲಿನಲ್ಲೇ ಜಗಲಿಗೆ ಹಾರಿ, ಮೋಟರು ಮಲಗಿಸಲು ಇನ್ನೊಂದು ಮಿಸ್ ಕಾಲ್ ಕೊಟ್ಟೆ. ಕಟ್ಟಾಯಿತು. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಒಂದು ಸಂಶಯ ಬಂತು. "ನೀ ಒಮ್ಮೆ ಹಚ್ಚಿದ್ಯೋ, ಎರಡ ಸಲ ಹಚ್ಚಿದ್ಯೋ?"

"ಮೊದಲ ಹಚ್ಚಿದಾಗ ರಿಂಗ್ ಸರಿಯಾಗಿ ಕೇಳಲಿಲ್ಲ. ಅದಕ್ಕ ಮತ್ತೊಮ್ಮೆ ಹಚ್ಚಿದೆ."

ಮೊದಲಿನದು ತಲುಪಿದ್ದರೆ ಅವಳೇ ಎಬ್ಬಿಸಿ ಅವಳೇ ಮಲಗಿಸಿದ್ದಾಳೆ, ಈಗ ನಾನು ಮತ್ತೆ ಎಬ್ಬಿಸಿದ್ದೇನೆ. ತಲುಪಿರದಿದ್ದರೆ ಅವಳು ಎಬ್ಬಿಸಿದ್ದನ್ನು ನಾನು ಮಲಗಿಸಿದ್ದೇನೆ. ಈಗ ಮುಟ್ಟಿದೆನೋ, ಮತ್ತೆ ಏಳುತ್ತದೆ. ಸಮ ಬೆಸ ಸಂಖ್ಯೆಗಳನ್ನು ನಾನು ಸಣ್ಣವನಿದ್ದಾಗ ಹಗುರಾಗಿ ಕಂಡದ್ದಕ್ಕೆ ಇದು ಶಿಕ್ಷೆ ಇರಬೇಕು. ಮೋಟರಿನ ಸ್ಥಿತಿ ತಿಳಿಸುವ ಸಂದೇಶವೊಂದು ಬರಬೇಕು, ಆದರೆ ತೋಟದಲ್ಲಿ ನೆಟ್‌ವರ್ಕು ದುರ್ಬಲ. ಆ ಸಂದೇಶ ಒಮ್ಮೊಮ್ಮೆ ಮರುದಿನ ಬರುವುದೂ ಉಂಟು. ಪೆಟ್ಟಿಗೆಯ ಕಂಪನಿಯ ಸಹಾಯವಾಣಿಗೆ ಹಚ್ಚಿದೆ. ಒಬ್ಬಳು ಹೆಣ್ಣುಮಗಳು ತುಂಬ ಪ್ರೀತಿಯಿಂದ, ನನ್ನ ಕರೆ ಅವರಿಗೆ ಅಮೂಲ್ಯವೆಂದಳು, ಹೊಸ ಮಾದರಿಗಳ ಬಗ್ಗೆ ತಿಳಿಯಲು ಒಂದನ್ನು ಒತ್ತಿ ಎಂದಳು, ಆಮೇಲೆ ಕೊಳಲು ಊದಿಸಿದಳು. ಅಣ್ಣ ಬಾವಿಯಲ್ಲಿ, ನಾನು ಟವೆಲಿನಲ್ಲಿ, ನಡುವೆ ಕೊಳಲು! ಅಣ್ಣನ ಫೋನಿಗೇ ಹಚ್ಚಿದೆ. ಅದು ರಿಂಗಾಗಿ ರಿಂಗಾಗಿ ನಿಂತಿತು. "ಬರಂಗಿಲ್ಲ ಅಂತ ಕಾಣ್ತದ" ಎಂದು ಸುಮಿತ್ರಾ ಹಿಟ್ಟಿನ ಬೋಗುಣಿ ನೋಡಿದಳು.

ಸಿಕ್ಕ ಅಂಗಿ-ಪ್ಯಾಂಟು ತೊಟ್ಟು ಬೈಕು ಹತ್ತಿದೆ. ಫೋನು ಜಗಲಿಯ ಮೇಲೇ ಬಿಟ್ಟೆ. ದಾರಿಯ ಒಂದೊಂದು ಗುಂಡಿಗೂ ಅದು ಜೇಬಿನಲ್ಲಿ ಒತ್ತಿಕೊಳ್ಳುವುದು ಬೇಡ. "ದೇವರ ಆಣಿ, ಮುಟ್ಟಬ್ಯಾಡ" ಎಂದು ಸುಮಿತ್ರಾಳಿಗೆ ಹೇಳಿದರೆ, "ಅದೇನ್ ಕಡೀತೈತೇನ್ರಿ?" ಎಂದಳು. ದಾರಿಯುದ್ದಕ್ಕೂ ಯಾವ ಹೊಲದಲ್ಲಿ ಮೋಟರು ಓಡುವ ಸದ್ದು ಕೇಳಿದರೂ ಅದು ನಮ್ಮದೇ ಎನ್ನಿಸುತ್ತಿತ್ತು. ಅಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಅಂಥವನನ್ನು ನನ್ನ ಹೆಸರಿನ ಫೋನಿನಿಂದಲೇ ಕಳೆದುಕೊಂಡೆನೇ ಎಂದು ಕಣ್ಣು ಮಂಜಾಯಿತು. ಹೆಲ್ಮೆಟ್ಟಿನೊಳಗೆ ಅಳುವುದು ಬಹಳ ಕಷ್ಟ, ಒರೆಸಿಕೊಳ್ಳಲು ಬರುವುದಿಲ್ಲ.

ತೋಟಕ್ಕೆ ಕಾಲಿಟ್ಟೆ. ಮೋಟರು ಗುರುಗುಟ್ಟುತ್ತಿತ್ತು. ಬಾವಿಯ ದಂಡೆಯ ಮೇಲೆ ಅಣ್ಣನ ಅಂಗಿ, ಚಪ್ಪಲಿ, ಫೋನು. ಅಣ್ಣ ಇಲ್ಲ. ಬಗ್ಗಿ ನೋಡುವ ಧೈರ್ಯ ನನಗಾಗಲಿಲ್ಲ. ಕಣ್ಣು ಮುಚ್ಚಿ "ಅಣ್ಣಾ" ಎಂದು ಬಾವಿಯೊಳಗೆ ಕೂಗಿದೆ.

"ಯಾಕ ಒದರಾಕತ್ತಿ?" ಎಂದು ಹಿಂದಿನಿಂದ ದನಿ ಬಂತು. ನಿಂಬೆ ಗಿಡದ ನೆರಳಲ್ಲಿ ಅಣ್ಣ ಚಕ್ಕಳ ಮಕ್ಕಳ ಹಾಕಿ ಕುಳಿತಿದ್ದ. ನಾನು ಓಡಿಹೋಗಿ ಅವನ ಕೈ, ಕಾಲು, ಮೈ ಮುಟ್ಟಿ ನೋಡಿದೆ. ಎಲ್ಲ ಒಣಗಿತ್ತು.

"ಬಾವ್ಯಾಗ ಇಳೀಲಿಲ್ಲೇನು?"

"ಅಂಗಿ ಕಳದೆ, ಒಂದ ಮೆಟ್ಲ ಇಳದೆ. ನೀ ಇಂಡ್ಯಾಗ ಅದಿ ಅನ್ನೂದ ನೆನಪಾತು. ಮ್ಯಾಲ ಬಂದ ಕುಂತೆ. ಸ್ವಲ್ಪ ಹೊತ್ತಿಗೆ ಮೋಟರ್ ಎದ್ತು, ಮಕ್ಕೊಂತು, ಮತ್ತ ಎದ್ತು. ಛಲೋ ಆತು ಅಂದೆ."

"ಮತ್ತ ನಾ ಹಚ್ಚಿದಾಗ ಫೋನ್ ಯಾಕ ಎತ್ತಲಿಲ್ಲ?"

"ಅಂಜಿಕಿ ಬಂತೋ ತಮ್ಮಾ. ಎತ್ತಿದ್ರ ಮತ್ತೇನ್ ಚಾಲೂ ಆಗ್ತೈತೋ ಏನೋ. ಆ ಡಬ್ಬಿಗೆ ನಾ ಅಂಜಂಗಿಲ್ಲ. ನಿನಗ ಅಂಜ್ತೇನಿ."

ನಾನು ಕಪಾಟಿನ ಬೀಗ ತೆಗೆದು ಮೇನ್ ಸ್ವಿಚ್ ಇಳಿಸಿದೆ. ಮೋಟರು ನಿಂತಿತು. ಮತ್ತೆ ಬೀಗ ಜಡಿದು, ಮೂರು ಸಲ ಜಗ್ಗಿ ನೋಡಿ, ಕೀಲಿಕೈಯನ್ನು ಅಣ್ಣನ ಉಡದಾರಕ್ಕೆ ನಾನೇ ಕಟ್ಟಿದೆ. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇನ್ನೊಂದು ತುದಿ ನನಗೆ ಕೊಟ್ಟ. "ಎರಡೂ ಕೈಯಿಂದ ಹಿಡಿ. ನಿನ್ನ ಕೈ ಎರಡೂ ನನಗ ಕಾಣ್ತಿರಬೇಕು" ಎಂದು ಬಾವಿಗಿಳಿದ.

ಈಗ ಕರೆಂಟು ಮೋಟರಿಗೆ ತಲುಪುವ ದಾರಿಯೇ ಇರಲಿಲ್ಲ. ಕಪಾಟಿಗೆ ಬೀಗ, ಫೋನು ಇಂಡಿಯಲ್ಲಿ, ನನ್ನ ಹೆಬ್ಬೆರಳುಗಳು ಹಗ್ಗದ ಮೇಲೆ. ಆದರೂ ನಾನು ದಂಡೆಯ ಮೇಲೆ ಕುಳಿತು ಬೆವರುತ್ತಿದ್ದೆ. ಕೆಳಗೆ ಎದೆಯುದ್ದ ನೀರಲ್ಲಿ, ಪೈಪಿನ ಬಾಯಲ್ಲಿ ಮೊಣಕೈವರೆಗೆ ಕೈ ಹಾಕಿ ನಿಂತ ಅಣ್ಣ ತಲೆ ಎತ್ತಿ ನೋಡಿದ.

"ಹಗ್ಗ ಯಾಕ ನಡಗಾಕತ್ತೈತಿ?"

"ಗಾಳಿ ಅಣ್ಣಾ" ಎಂದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಅಣ್ಣ ಬಾವಿಯ ತಳದಿಂದ, ದಂಡೆಯ ಮೇಲೆ ಒಣಗಿದ ಬಟ್ಟೆಯಲ್ಲಿ ಕುಳಿತಿದ್ದ ನನಗೆ ಧೈರ್ಯ ಹೇಳಿದ: "ಅಂಜಬ್ಯಾಡೋ ತಮ್ಮಾ. ನಾ ಇಲ್ಲೇ ಅದೇನಿ."