ಎಂಜಿನ್ನಿಗೆ ಧಾರಾಪಾತ್ರೆ

ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರಿ ಕೆಂಪನಂಜಪ್ಪನವರ ಸಂಸಾರ ಒಡೆಯುವ ಹಂತಕ್ಕೆ ಬಂದದ್ದು ಒಂದು ಸದ್ದಿನಿಂದ. ಯಾರೋ ಪಾದ್ರಿ ಸ್ವದೇಶಕ್ಕೆ ಹೊರಡುವಾಗ ಬಿಟ್ಟುಹೋದ, ಆಮೆಯಂಥ ವಿಲಾಯತಿ ಕಾರನ್ನು ಅವರು ಕೊಂಡಿದ್ದರು. ಇದಕ್ಕೆ ನೀರು ಹಾಕುವ ಕೆಲಸವೇ ಇಲ್ಲ, ಗಾಳಿಗೇ ಎಂಜಿನ್ ತಣ್ಣಗಾಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರೂ ಅವರೇ. ತಣ್ಣಗೇನೋ ಆಗುತ್ತಿತ್ತು. ಆದರೆ ಎಂಜಿನ್ನಿನ ತಲೆಯಲ್ಲಿದ್ದ ವಾಲ್ವುಗಳಿಗೆ ಎಣ್ಣೆ ತಲುಪದೆ, ಓಡಿದಷ್ಟು ಹೊತ್ತೂ ಅದು ಟಕಟಕ ಬಡಿದುಕೊಳ್ಳುತ್ತಿತ್ತು.

“ಆ ಸದ್ದಿಗೆ ಎಮ್ಮೆ ಸೊರೆ ಬುಡ್ತಿಲ್ಲ ಕಣ್ರಿ,” ಎಂದರು ಅಂದು ಬೆಳಿಗ್ಗೆ ಹೆಂಡತಿ ಪುಟ್ಟಬಸಮ್ಮ, ಹಾಲು ಕರೆಯುವ ಖಾಲಿ ಚೊಂಬು ತೋರಿಸುತ್ತಾ. “ಇವತ್ತು ಅದನ್ನ ಮಾರ್ಬುಟ್ಟು ಬಂದ್ರೆ ಒಳಕ್ಕೆ ಬನ್ನಿ. ಇಲ್ದಿದ್ರೆ ಕಾರಲ್ಲೇ ಮನಿಕಳಿ.”

ಪುಣ್ಯಕ್ಕೆ ಗಿರಾಕಿ ಇದ್ದ. ಹನೂರಿನಾಚೆ ಕಾಡಂಚಿನಲ್ಲಿ ಹೊಲವಿದ್ದ ಪುಟ್ಟಮಲ್ಲಪ್ಪ ಬಸ್ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದ: “ಓದ್ವಾರ ನಮ್ಮೊಲದ ಪಕ್ಕ ಓದ್ರಲ್ಲ, ಅವತ್ತೇ ನಿಮ್ ಕಾರ್ ಮ್ಯಾಲೆ ಕಣ್ಣಾಕ್ಬುಟ್ಟೆ. ತಕಂಡು ಬನ್ನಿ.” ದೂರದಿಂದ ನೋಡಿದವನಿಗೆ ಸದ್ದು ಕೇಳಿರಲಿಕ್ಕಿಲ್ಲ ಎಂದು ಕೆಂಪನಂಜಪ್ಪ ಲೆಕ್ಕ ಹಾಕಿದರು. ಹತ್ತಿರದಿಂದ ಕೇಳಿದರೆ ಆಸಾಮಿ ನಿಲ್ಲುವುದುಂಟೇ?

ಮಾರ್ಟಳ್ಳಿಯಿಂದ ಬಂದು ನೆಲೆಸಿದ್ದ ಮೆಕ್ಯಾನಿಕ್ ಚಿನ್ನಸ್ವಾಮಿಯನ್ನು ಕರೆಸಿದರು. ಅವನು ಕಾರಿನಡಿ ತೂರಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಹೊರಬಂದ.

“ಎಣ್ಣೆ ಓಗೋ ದಾರಿ ಕಟ್ಕಂಡದೆ ಸಾ. ಎಂಜಿನ್ ಪೂರಾ ಬಿಚ್ಬೇಕು, ವಾರನಾರ ಬೇಕು.”

“ಅಷ್ಟೊತ್ಗೆ ನನ್ ಸಂಸಾರನೇ ಬಿಚ್ಕಂಡಿರ್ತದೆ ಕಣಪ್ಪ.”

ಅಷ್ಟರಲ್ಲಿ ಪಕ್ಕದ ಜಗುಲಿಯಿಂದ ಈಶ್ವರನ ಗುಡಿಯ ಪೂಜಾರಿ ಗುರುಪಾದಸ್ವಾಮಿ ಇಳಿದು ಬಂದರು. ಕೇಳದವರಿಗೂ ಬುದ್ಧಿ ಹೇಳುವುದು ಅವರ ನಿತ್ಯಪೂಜೆಯ ಒಂದು ಭಾಗ.

“ಒಳಗಿಂದ ಬರ್ದಿದ್ರೆ ಮೇಲಿಂದ ಬುಡಿ. ಲಿಂಗದ ಮೇಲೆ ಧಾರಾಪಾತ್ರೆ ಕಟ್ಟಲ್ವಾ? ತೊಟ್ಟು ತೊಟ್ಟು ಬೀಳ್ತಾ ಇರ್ಲಿ. ಹರಳೆಣ್ಣೆ ಹಾಕಿ, ತಲೆಗೆ ಅದ್ಕಿಂತ ತಂಪು ಯಾವ್ದದೆ?”

ಚಿನ್ನಸ್ವಾಮಿ ನಕ್ಕ. ಆಮೇಲೆ ನಗು ನಿಲ್ಲಿಸಿ ತಲೆ ಕೆರೆದುಕೊಂಡ. ಗುಡಿಯ ಹಳೆಯ ತಾಮ್ರದ ಪಾತ್ರೆ ಬಂತು, ಅಡುಗೆಮನೆಯಿಂದ ಹರಳೆಣ್ಣೆ ಬಂತು. ಪಾತ್ರೆಯನ್ನು ಎಂಜಿನ್ನಿನ ಮೇಲೆ ಕಟ್ಟಿ, ಅದರಿಂದ ಸಣ್ಣ ಕೊಳವೆಗಳನ್ನು ಎರಡೂ ಬದಿಯ ವಾಲ್ವಿನ ಮುಚ್ಚಳಗಳೊಳಕ್ಕೆ ಇಳಿಸಿದ್ದಾಯಿತು. ಸ್ವಲ್ಪ ಹೊತ್ತಿಗೆ ಟಕಟಕ ಅಡಗಿ, ಕಾರು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ಪೂಜಾರಿಗಳು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಹನೂರಿನ ದಾರಿಯುದ್ದಕ್ಕೂ ಕಾರಿನ ಹಿಂದೆ ಬಾಣಂತಿ ಕೋಣೆಯ ವಾಸನೆ. ಸದ್ದಿಲ್ಲದ್ದರಿಂದ ಮೇಕೆಗಳೂ ದಾರಿ ಬಿಡಲಿಲ್ಲ. “ಕಳ್ಳನಂಗೆ ಬತ್ತಿಯಲ್ಲ,” ಎಂದು ಮೇಕೆ ಕಾಯುವ ಮುದುಕಿ ಬೈದಳು. ಕೆಂಪನಂಜಪ್ಪನವರಿಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು.

ಪುಟ್ಟಮಲ್ಲಪ್ಪ ಕಾರನ್ನು ಒಂದು ಸುತ್ತು ಬಂದು, ಎಂಜಿನ್ನಿನ ಹತ್ತಿರ ಕಿವಿಯಿಟ್ಟ. “ಸಾ, ಸದ್ದೆಲ್ಲಿ?”

“ಸದ್ದಾ? ಒಂಚೂರೂ ಇಲ್ಲ,” ಎಂದು ಇವರು ಎದೆಯುಬ್ಬಿಸಿದರು.

ಅವನ ಮುಖ ಇಳಿದುಹೋಯಿತು. “ಅವತ್ತು ನೀವು ಓದಾಗ ನಮ್ ಜೋಳದೊಳಗೆ ಆನೆ ನುಗ್ಗಿದ್ವು ಸಾ. ತಮಟೆಗೆ ಜಗ್ಗಲಿಲ್ಲ, ಪಟಾಕಿಗೆ ಜಗ್ಗಲಿಲ್ಲ. ನಿಮ್ ಕಾರಿನ ಟಕಟಕಕ್ಕೆ ಬಾಲ ಎತ್ಕಂಡು ಕಾಡ್ ಸೇರ್ಕಂಡ್ವು. ಒಲದಲ್ಲಿ ನಿಲ್ಸವಾ ಅಂತ ಕೇಳ್ದೆ. ಸದ್ದಿಲ್ದೆ ಇದನ್ನ ತಕಂಡು ನಾನೇನ್ ಮಾಡ್ಲಿ?”

ಕೆಂಪನಂಜಪ್ಪ ಎಂಜಿನ್ನಿನ ಕಡೆ ಓಡಿದರು. ಕೊಳವೆ ಕಿತ್ತೆಸೆದರು. ಎಂಜಿನ್ನನ್ನು ಕೂಗಿಸಿದರು. ಬಡಿ, ನಮ್ಮಪ್ಪ, ಬಡಿ ಎಂದು ಬೇಡಿಕೊಂಡರು. ಕುಡಿದ ಹರಳೆಣ್ಣೆ ಅಷ್ಟು ಬೇಗ ಇಳಿಯುತ್ತದೆಯೇ? ಅದು ಗುರುಗುಟ್ಟಿತೇ ಹೊರತು ಟಕ್ ಎನ್ನಲಿಲ್ಲ.

“ಒಡೆಯರಪಾಳ್ಯದ ತಾವು ಒಂದು ಅಳೇ ಡೀಸಲ್ ಎಂಜಿನ್ ಅದಂತೆ. ಅದನ್ನೇ ತಕೋತೀನಿ ಬುಡಿ,” ಎಂದು ಪುಟ್ಟಮಲ್ಲಪ್ಪ ಮಜ್ಜಿಗೆ ಕೊಟ್ಟು ಕಳಿಸಿದ.

ವಾಪಸು ಬರುವಾಗ ಅವರಿಗೆ ಉಳಿದದ್ದು ಒಂದೇ ಸಮಾಧಾನ, ಕಾರು ಸದ್ದು ಮಾಡುತ್ತಿರಲಿಲ್ಲ. ಮೆಲ್ಲಗೆ ಗುಡಿಯ ಹಿಂದೆ ನಿಲ್ಲಿಸಿ, ಮಾರಿಬಂದೆ ಎಂದರೆ ಯಾರಿಗೆ ಗೊತ್ತಾಗುತ್ತದೆ? ಇವತ್ತೊಂದು ದಿನ ಒಳಗೆ ಮಲಗಿದರೆ ನಾಳೆಯದು ನಾಳೆಗೆ.

ಬೀದಿಗೆ ತಿರುಗುವಾಗ ಹಾಲು ಕರೆಯುವ ಹೊತ್ತು. ದಿನವೆಲ್ಲ ನೆಮ್ಮದಿಯಾಗಿದ್ದ ಎಮ್ಮೆ ಸೊರೆ ಬಿಟ್ಟಿತ್ತು. ಚೊಂಬಿಗೆ ಹಾಲು ಬೀಳುವ ಸದ್ದು ಕೇಳುತ್ತಾ ಕೆಂಪನಂಜಪ್ಪ ಮನೆಯ ಮುಂದಿನಿಂದ ಉಸಿರು ಬಿಗಿಹಿಡಿದು ಕಾರನ್ನು ಗುಡಿಯ ಕಡೆ ಬಿಟ್ಟರು. ಸರಿಯಾಗಿ ಅಲ್ಲಿ, ವಾಲ್ವಿನ ಮೇಲಿದ್ದ ಕೊನೆಯ ಎಣ್ಣೆಯೂ ಇಳಿದುಹೋಯಿತು.

ಟಕ್. ಟಕಟಕ. ಟಕಟಕಟಕ.

ಕೊಟ್ಟಿಗೆಯಲ್ಲಿ ಚೊಂಬು ಉರುಳಿತು. ಪುಟ್ಟಬಸಮ್ಮ ಬಾಗಿಲಿಗೆ ಬಂದು ನೋಡಿದರು. ಒಳಗೆ ಹೋಗಿ ಚಾಪೆ, ದಿಂಬು ತಂದು ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟರು.

“ಗುಡಿ ಪಾತ್ರೆ ತೊಳ್ದು ಕೊಟ್ಬುಟ್ಟು ಮನಿಕಳಿ,” ಎಂದು ಬಾಗಿಲು ಹಾಕಿಕೊಂಡರು.